ಬ್ಯಾಗು ಹಿಡಿದು ಕೂತವರಿಗೆ ಥೀಮ್ ಪಾರ್ಕಿನಲ್ಲಿ ಏನಿದೆ?

ಐಂಡ್‌ಹೋವನ್ ಸೊಸೆ:

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ವಾರದಿಂದ ತಲೆಯಲ್ಲಿ ಸುತ್ತುತ್ತಿದೆ, ಇಲ್ಲಿ ಕೇಳೋಣ ಅನ್ನಿಸಿತು.

ನಮ್ಮತ್ತೆ ಹಾಸನದಿಂದ ಮೂರು ತಿಂಗಳ ಮಟ್ಟಿಗೆ ನಮ್ಮ ಮನೆಗೆ ಬಂದಿದ್ದಾರೆ. ಅರವತ್ತೆಂಟು ವಯಸ್ಸು, ಎರಡೂ ಮಂಡಿ ನೋವು. ಹೋದ ಶನಿವಾರ ಎಲ್ಲರೂ ಎಫ್ಟೆಲಿಂಗ್‌ಗೆ ಹೋಗಿದ್ದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನೆದರ್ಲೆಂಡ್ಸಿನ ಕಾಟ್ಸ್‌ಹ್ಯೂವಲ್ ಎಂಬ ಊರಿನ ಥೀಮ್ ಪಾರ್ಕು ಅದು. ಶುರುವಾದದ್ದು 1952ರಲ್ಲಿ, ಅಂದರೆ ಅಮೆರಿಕದ ಡಿಸ್ನಿಲ್ಯಾಂಡಿಗಿಂತ ಮೂರು ವರ್ಷಕ್ಕೆ ದೊಡ್ಡದು. ನಮ್ಮ ಯಜಮಾನರಿಗೂ ಮಗನಿಗೂ 2024ರಲ್ಲಿ ತೆರೆದ ಡಾನ್ಸ್ ಮಕಾಬ್ರ ಅನ್ನೋ ಹೊಸ ರೈಡಿನ ಮೇಲೇ ಆಸೆ. ಅವರಿಬ್ಬರೂ ಅಲ್ಲಿ ಸಾಲಿನಲ್ಲಿ ನಿಂತರು. ಜಾಕೆಟ್ಟು, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ ಇದ್ದ ಬ್ಯಾಗು ಹಿಡಿದುಕೊಂಡು ನಾನೂ ಅತ್ತೆಯೂ ಹೊರಗೆ. ಇಷ್ಟು ದೂರ ಕರೆದುಕೊಂಡು ಬಂದು ಸುಮ್ಮನೆ ಕೂರಿಸಿಬಿಟ್ಟೆವಲ್ಲ ಅಂತ ನನಗೆ ಒಳಗೊಳಗೇ ಸಂಕಟ. ಹೊತ್ತು ಹೋಗಲಿ ಅಂತ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕಥೆಗಳ ಕಾಡಿನ ಕಡೆ ತಳ್ಳಿಕೊಂಡು ಹೋದೆ.

ಸ್ಪ್ರೋಕ್ಯೆಸ್‌ಬೊಸ್ ಅಂತ ಆ ಕಾಡಿನ ಹೆಸರು. ಪಾರ್ಕಿನ ಮೊದಲ ಬೇರು ಅದೇ. ಆಂಟನ್ ಪೀಕ್ ಎಂಬ ಚಿತ್ರಕಾರರು ಬರೆದ ಮನೆಗಳು, ಗೊಂಬೆಗಳು. ಅವಕ್ಕೆ ಚಲನೆ ಕೊಟ್ಟವರು ಪೀಟರ್ ರೈಂಡರ್ಸ್. ದೊಡ್ಡ ದೊಡ್ಡ ಮರಗಳ ಕೆಳಗೆ ಕಾಲುದಾರಿ, ತಿರುವಿಗೊಂದು ಕಥೆ. ಲಾಂಗ್‌ನೆಕ್ ಅಂತ ಒಬ್ಬ ಕೂತಿರುತ್ತಾನೆ, ಇದ್ದಕ್ಕಿದ್ದ ಹಾಗೆ ಅವನ ಕತ್ತು ಮೇಲೆ ಮೇಲೆ ಬೆಳೆಯುತ್ತಾ ಹೋಗುತ್ತದೆ. ದಾರಿ ಬದಿಯ ಕೆಂಪು ಅಣಬೆಗಳೊಳಗಿಂದ ಸಂಗೀತ ಬರುತ್ತದೆ, ಮಕ್ಕಳು ಬಗ್ಗಿ ಕಿವಿ ಇಡುತ್ತಾರೆ. ಅತ್ತೆಯೂ ಕುರ್ಚಿಯಿಂದ ಬಗ್ಗಿ ಕಿವಿ ಇಟ್ಟರು.

ಆಮೇಲೆ ಗುಹೆಯಂಥ ಬಾಗಿಲು ದಾಟಿ ಒಳಗೆ ಹೋದರೆ ನೈದಿಲೆಗಳ ಕೊಳ. 'ಇಂಡಿಯಾದ ನೈದಿಲೆಗಳು' ಎಂದೇ ಅದರ ಹೆಸರು. ಬೆಲ್ಜಿಯಂನ ರಾಣಿ ಫಾಬಿಯೋಲಾ ಬರೆದ ಕಥೆಯನ್ನು ಇಟ್ಟುಕೊಂಡು 1966ರಲ್ಲಿ ಮಾಡಿದ್ದು. ಬೆಳದಿಂಗಳಲ್ಲಿ ಹೂವಿನ ಮೇಲೆ ಪುಟ್ಟ ಕನ್ನೆಯರು ಕುಣಿಯುತ್ತಾರೆ, ಕಪ್ಪೆಗಳು ವಾದ್ಯ ನುಡಿಸುತ್ತವೆ. ಕಥೆ ಡಚ್ಚಿನಲ್ಲಿ, ಅತ್ತೆಗೆ ಒಂದಕ್ಷರವೂ ತಿಳಿಯದು. ಆದರೂ 'ಮಾಟಗಾತಿ ಶಾಪ ಕೊಟ್ಟು ಹೂ ಮಾಡಿದಾಳೆ, ರಾತ್ರಿ ಮಾತ್ರ ಬಿಡುಗಡೆ, ಅಲ್ವೇನೇ?' ಅಂದರು. ಸರಿಯಾಗಿ ಅದೇ ಕಥೆ. ನನಗೆ ಮೈ ಜುಮ್ಮೆಂದಿತು.

ರಾತ್ರಿ ಅರಸೀಕೆರೆಯಲ್ಲಿರುವ ತಂಗಿಗೆ ಫೋನು ಮಾಡಿ ಒಂದು ಗಂಟೆ ಮಾತಾಡಿದರು. ಕಾಗದ ತಿನ್ನೋ ಡೊಳ್ಳುಹೊಟ್ಟೆ ಗೊಂಬೆ, ನಾಣ್ಯ ಹಾಕೋ ಕತ್ತೆ, ಹಾಡೋ ಅಣಬೆ. ಮೊಮ್ಮಗ ಹತ್ತಿದ ಹೊಸ ರೈಡಿನ ಮಾತೇ ಬರಲಿಲ್ಲ. ಇವರು ದಿನವಿಡೀ ಒಂದು ರೈಡನ್ನೂ ಹತ್ತದೆ ನಮ್ಮೆಲ್ಲರಿಗಿಂತ ಹೆಚ್ಚು ಸಂತೋಷಪಟ್ಟು ಬಂದರು.

ಅದಕ್ಕೇ ಕೇಳುತ್ತಿರುವುದು. ಪಾರ್ಕಿನವರು ಪ್ರತಿವರ್ಷ ಜಾಹೀರಾತು ಕೊಡುವುದು ಹೊಸ ರೈಡಿಗೆ. ನಮ್ಮ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಬೇರೆ ಏನೋ. ನಿಮಗೆ ಏನು ಉಳಿದಿದೆ?

ಇಬ್ಬರು ಮಕ್ಕಳ ಅಪ್ಪ:

ಅಕ್ಕ, ನಿಮ್ಮತ್ತೆಯವರು ಪುಣ್ಯವಂತರು. ನಮ್ಮಮ್ಮನ ಅನುಭವ ಇದಕ್ಕೆ ಪೂರಾ ಉಲ್ಟಾ.

ಎರಡು ವರ್ಷದ ಹಿಂದೆ ಪಕ್ಕದ ರಾಜ್ಯದ ಒಂದು ಪಾರ್ಕಿಗೆ ಹೋಗಿದ್ವಿ, ಹೆಸರು ಬೇಡ. ಏಪ್ರಿಲ್ ತಿಂಗಳು. ಅಮ್ಮನಿಗೂ ಪೂರ್ತಿ ಟಿಕೆಟ್ ತಗೊಂಡ್ವಿ, ಒಳಗೆ ಹೋಗೋಕೆ ಬೇರೆ ದಾರಿ ಇರಲಿಲ್ಲ. ದೊಡ್ಡೋನಿಗೆ ಒಂಬತ್ತು, ಚಿಕ್ಕೋಳಿಗೆ ಮೂರು. ದೊಡ್ಡೋನ ರೈಡು ಒಂದು ತುದಿಯಲ್ಲಿ, ಚಿಕ್ಕೋಳದ್ದು ಇನ್ನೊಂದು ತುದಿಯಲ್ಲಿ. ಮನೆಯವರು ಒಬ್ಬರ ಹಿಂದೆ, ನಾನು ಇನ್ನೊಬ್ಬರ ಹಿಂದೆ. ಅಮ್ಮ ನಡುವೆ ಎಲ್ಲೋ ಒಂದು ಸಿಮೆಂಟು ಕಟ್ಟೆ ಮೇಲೆ. ಆ ಕಟ್ಟೆಗೆ ಬೆಳಿಗ್ಗೆ ಹತ್ತಕ್ಕೆ ನೆರಳಿತ್ತು, ಹನ್ನೊಂದೂವರೆಗೆ ಹೋಯ್ತು. ನಾವು ವಾಪಸ್ ಬಂದು ನೋಡಿದ್ರೆ ಸೆರಗು ತಲೆ ಮೇಲೆ ಹಾಕ್ಕೊಂಡು ಬ್ಯಾಗುಗಳನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. 'ಪರವಾಗಿಲ್ಲ ಕಣೋ, ಮಕ್ಕಳು ಆಡಲಿ' ಅಂದ್ರು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಕಣ್ಣು ಒದ್ದೆಯಾಗುತ್ತೆ.

ಆವತ್ತಿನಿಂದ ನಾನು ಪಾರ್ಕನ್ನ ನೋಡೋ ರೀತಿ ಬದಲಾಯ್ತು. ಒಳಗೆ ಕಾಲಿಟ್ಟ ತಕ್ಷಣ ಮೊದಲು ನೋಡೋದು ಬೆಂಚು. ಬೆಂಚಿಗೆ ಬೆನ್ನು ಇದೆಯಾ, ಮಧ್ಯಾಹ್ನ ಅದಕ್ಕೆ ನೆರಳು ಬೀಳುತ್ತಾ, ಅಲ್ಲಿ ಕೂತ್ರೆ ಮೊಮ್ಮಕ್ಕಳು ರೈಡಿನಲ್ಲಿ ಇರೋದು ಕಾಣುತ್ತಾ. ಕೊನೆಯದು ಬಹಳ ಮುಖ್ಯ. ರೈಡು ಹತ್ತದೇ ಇರೋರಿಗೆ ನೋಡೋದೇ ಆಟ. ಎಷ್ಟೋ ಕಡೆ ರೈಡಿನ ಸುತ್ತ ತಗಡು ಹೊಡೆದಿರ್ತಾರೆ, ಕಿರುಚಾಟ ಕೇಳುತ್ತೆ, ಮಗು ಕಾಣಲ್ಲ. ಮಗು ಒಂದು ಸುತ್ತು ಮುಗಿಸಿ ಕೈ ಬೀಸಿದಾಗ ವಾಪಸ್ ಕೈ ಬೀಸೋಕೆ ಅಜ್ಜಿಗೆ ಒಂದು ಜಾಗ ಇರಬೇಕು.

ಕ್ಯೂ ಲೆಕ್ಕದವನು:

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಸೆಂಬ್ಲಿ ಲೈನು ನೋಡಿಕೊಳ್ಳುವವನು. ಪಾರ್ಕಿಗೆ ಹೋದರೂ ಕಣ್ಣು ಅದರ ಮೇಲೇ ಹೋಗುತ್ತದೆ, ಹಾಗಾಗಿ ಸಾಲಿನ ವಿಷಯ ಹೇಳುತ್ತೇನೆ.

ಒಂದು ರೋಲರ್ ಕೋಸ್ಟರ್ ರೈಲಿನಲ್ಲಿ 24 ಸೀಟು ಅಂದುಕೊಳ್ಳಿ. ಎರಡು ನಿಮಿಷಕ್ಕೊಮ್ಮೆ ಬಿಟ್ಟರೆ ಗಂಟೆಗೆ 720 ಜನ. ಮೂರು ನಿಮಿಷಕ್ಕೊಮ್ಮೆ ಆದರೆ 480. ನಿಮ್ಮ ಮುಂದೆ 720 ಜನ ನಿಂತಿದ್ದರೆ ಮೊದಲನೆಯದರಲ್ಲಿ ಒಂದು ಗಂಟೆ, ಎರಡನೆಯದರಲ್ಲಿ ಒಂದೂವರೆ ಗಂಟೆ. ರೈಡು ಅದೇ, ಯಂತ್ರ ಅದೇ. ಆ ಒಂದು ನಿಮಿಷ ಹೋಗುವುದು ಎಲ್ಲಿ? ಹತ್ತುವ ಜಾಗಕ್ಕೆ ಬಂದ ಮೇಲೆ ಕನ್ನಡಕ ಎಲ್ಲಿಡಲಿ, ಚಪ್ಪಲಿ ಎಲ್ಲಿ ಬಿಡಲಿ, ಯಾರ ಪಕ್ಕ ಯಾರು ಕೂರುವುದು ಎಂಬುದರಲ್ಲಿ. ಹತ್ತು ಹೆಜ್ಜೆ ಹಿಂದೆಯೇ ಒಬ್ಬ ಸಿಬ್ಬಂದಿ ನಿಂತು 'ನೀವಿಬ್ಬರು ಮೂರನೇ ಸಾಲು, ಚಪ್ಪಲಿ ಈ ಗೂಡಿನಲ್ಲಿ' ಅಂದುಬಿಟ್ಟರೆ ಆ ನಿಮಿಷ ಉಳಿಯುತ್ತದೆ. ಕೋಟಿಗಟ್ಟಲೆ ಸುರಿದು ಹೊಸ ರೈಡು ತರುವ ಮೊದಲು ಇರುವ ರೈಡಿಗೆ ಇನ್ನೊಬ್ಬ ಮನುಷ್ಯನನ್ನು ಕೊಟ್ಟರೆ ಜನರ ದಿನ ಎಷ್ಟು ಹಗುರಾಗುತ್ತದೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಸೊಸೆಯವರು ಹೇಳಿದ ಎಫ್ಟೆಲಿಂಗ್‌ನಲ್ಲೇ ಡ್ರೋಮ್‌ವ್ಲುಖ್ಟ್ ಅಂತ ಒಂದಿದೆ, 1993ರದ್ದು. ಆಫೀಸಿನ ಕೆಲಸಕ್ಕೆ ಹೋದಾಗ ಒಮ್ಮೆ ನೋಡಿದ್ದೆ. ಮೇಲಿಂದ ತೂಗುವ ಪುಟ್ಟ ಗಾಡಿಗಳು ಸರಪಳಿ ಹಾಗೆ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ, ಜನ ಹತ್ತುತ್ತಲೇ ಇರುತ್ತಾರೆ. ಸಾಲು ಉದ್ದ ಇದ್ದರೂ ಕಾಲು ಮುಂದೆ ಹೋಗುತ್ತಲೇ ಇತ್ತು. ನಿಂತಲ್ಲೇ ನಿಂತ ಇಪ್ಪತ್ತು ನಿಮಿಷಕ್ಕೂ ನಡೆಯುತ್ತಿರುವ ಇಪ್ಪತ್ತು ನಿಮಿಷಕ್ಕೂ ಅಜಗಜಾಂತರ. ಕಾಯುವ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ ಎಂಬವರು 1985ರಲ್ಲೇ ಬರೆದಿದ್ದಾರೆ: ಕೈಗೋ ಕಣ್ಣಿಗೋ ಕೆಲಸವಿದ್ದರೆ ಕಾದದ್ದು ಕಡಿಮೆ ಅನ್ನಿಸುತ್ತದೆ, ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಜಾಸ್ತಿ ಅನ್ನಿಸುತ್ತದೆ. ಕಾರಣ ಹೇಳದೆ ಕಾಯಿಸಿದರೂ ಹಾಗೆಯೇ. ರೈಡು ನಿಂತುಹೋದಾಗ ನಮ್ಮಲ್ಲಿ ಯಾರೂ ಏನೂ ಹೇಳುವುದಿಲ್ಲ. 'ಒಂದು ಸೀಟಿನ ಲಾಕು ನೋಡುತ್ತಿದ್ದೇವೆ, ಹದಿನೈದು ನಿಮಿಷ ಆಗಬಹುದು' ಅಂದರೆ ಜನ ಬೈಯುವುದಿಲ್ಲ, ಬದಲಿಗೆ ನಂಬಿಕೆ ಬರುತ್ತದೆ.

ಕೊನೇ ಸೆಮ್:

ಎಲ್ಲರೂ ಹಿರಿಯರು ಮಾತಾಡ್ತಿದ್ದೀರ, ತಪ್ಪು ತಿಳ್ಕೋಬೇಡಿ, ನನ್ನ ಅಭಿಪ್ರಾಯ ಬೇರೆ.

ನಾನು ಬಿಡದಿಯ ವಂಡರ್‌ಲಾಗೆ ನಾಲ್ಕು ಸಲ ಹೋಗಿದ್ದೀನಿ. ಹೋಗೋದೇ ರೈಡಿಗೆ. ಅಲ್ಲಿನ ರಿಕಾಯಿಲ್ ಅನ್ನೋ ರೋಲರ್ ಕೋಸ್ಟರಲ್ಲಿ ಮುಂದಕ್ಕೆ ಹೋಗಿ ಆಮೇಲೆ ಅದೇ ದಾರೀಲಿ ಹಿಂದಕ್ಕೆ ಬರೋವಾಗ ಹೊಟ್ಟೆ ಒಳಗೆ ಏನಾಗುತ್ತೆ ಅನ್ನೋದನ್ನ ಬೆಂಚು, ನೆರಳು ಕೊಡಲ್ಲ. 2005ರಲ್ಲಿ ಶುರುವಾದ ಪಾರ್ಕು ಇಪ್ಪತ್ತು ವರ್ಷ ಆದ್ಮೇಲೂ ನಮ್ಮ ವಯಸ್ಸಿನವರನ್ನ ಎಳೀತಿದೆ ಅಂದ್ರೆ ಹೊಸದು ಬರ್ತಾ ಇರೋದ್ರಿಂದಾನೇ. ಹೊಸದು ಹಾಕದೇ ಇರೋ ಪಾರ್ಕುಗಳು ಏನಾದ್ವು ಅಂತ ಬೆಂಗಳೂರಲ್ಲಿ ಇರೋರಿಗೆ ಗೊತ್ತು. ತುಕ್ಕು, ನಿಂತ ನೀರು, ಖಾಲಿ ಗೇಟು.

ಮನೆಯವರ ಜೊತೆ ಹೋಗೋದು ಒಂದು ಥರ, ಸ್ನೇಹಿತರ ಜೊತೆ ಇನ್ನೊಂದು ಥರ. ಎರಡನ್ನೂ ಒಂದೇ ಅಳತೆಗೋಲಲ್ಲಿ ಅಳೆಯೋದು ಸರಿ ಅಲ್ಲ ಅನ್ಸುತ್ತೆ.

ಕೋಪನ್‌ಹೇಗನ್ ಕನ್ನಡಿಗ:

ತಮ್ಮಾ, ನೀನು ಹೇಳಿದ್ದರಲ್ಲಿ ನಿಜ ಇದೆ. ಆದರೆ ಹಳತು ಅಂದರೆ ತುಕ್ಕು ಎಂದೇ ಆಗಬೇಕಿಲ್ಲ. ನಾನಿರುವ ಊರಿನ ಟಿವೊಲಿ ಪಾರ್ಕು ತೆರೆದದ್ದು 1843ರ ಆಗಸ್ಟ್ 15ರಂದು. ಊರ ನಡುವೆ, ರೈಲ್ವೆ ನಿಲ್ದಾಣದ ಎದುರಿಗೇ ಇದೆ. ಅಲ್ಲಿ 1914ರ ಮರದ ಕೋಸ್ಟರ್ ಇನ್ನೂ ಓಡುತ್ತಿದೆ. ಪ್ರತಿ ರೈಲಿನಲ್ಲೂ ಒಬ್ಬ ಬ್ರೇಕ್‌ಮನ್ ಕೂತಿರುತ್ತಾನೆ. ಇಳಿಜಾರಿನಲ್ಲಿ ವೇಗ ಹೆಚ್ಚಾದಾಗ ಅವನೇ ಕೈಯಿಂದ ಬ್ರೇಕು ಹಾಕುತ್ತಾನೆ. ನೂರು ವರ್ಷ ದಾಟಿದ ರೈಡು, ಇಂದಿಗೂ ಅದಕ್ಕೆ ಸಾಲು. ಜನ ಬರುವುದು ಆ ವೇಗಕ್ಕಲ್ಲ, ಅಜ್ಜನೂ ಅಪ್ಪನೂ ಹತ್ತಿದ್ದ ರೈಲಿಗೆ ತಾನೂ ಹತ್ತಬೇಕೆಂದು.

ನನ್ನ ಮಟ್ಟಿಗೆ ಟಿವೊಲಿ ಅಂದರೆ ಸಂಜೆಯ ದೀಪ. ಯುದ್ಧಕಾಲದಲ್ಲಿ ಜರ್ಮನ್ ಸೇನೆ ಇಲ್ಲಿ ಬೀಡುಬಿಟ್ಟಿದ್ದಾಗ ರಾತ್ರಿ ದೀಪ ಹಚ್ಚುವಂತಿರಲಿಲ್ಲ. ಆಗ ವಾಸ್ತುಶಿಲ್ಪಿ ಪೌಲ್ ಹೆನ್ನಿಂಗ್ಸನ್ 1941ರಲ್ಲಿ ಒಂದು ದೀಪ ಮಾಡಿಕೊಟ್ಟರು. ಬೆಳಕು ನೆಲಕ್ಕೆ ಮಾತ್ರ ಬೀಳುತ್ತದೆ, ಆಕಾಶದಿಂದ ನೋಡಿದರೆ ಕಾಣುವುದಿಲ್ಲ. ಅದರಿಂದಾಗಿ ಕತ್ತಲೆಯ ಆ ದಿನಗಳಲ್ಲೂ ಪಾರ್ಕು ರಾತ್ರಿ ತೆರೆದಿರಲು ಸಾಧ್ಯವಾಯಿತು. ಕಷ್ಟದ ಕಾಲದಲ್ಲಿ ಜನರಿಗೆ ಸಂಜೆ ಹೊತ್ತು ಅಡ್ಡಾಡಲು ಒಂದು ಜಾಗ ಬೇಕು ಎಂದು ಅಷ್ಟು ತಲೆ ಕೆಡಿಸಿಕೊಂಡರಲ್ಲ, ಅದನ್ನು ನೆನೆದಾಗಲೆಲ್ಲ ಆ ಊರಿನ ಬಗ್ಗೆ ಗೌರವ ಹೆಚ್ಚುತ್ತದೆ.

ಈಗಲೂ ಸಾಮಾನ್ಯ ದೀಪಗಳೇ. ಕಣ್ಣು ಕುಕ್ಕುವ ಬಿಳಿ ಫ್ಲಡ್‌ಲೈಟು ಎಲ್ಲೂ ಇಲ್ಲ. ಕೆರೆಯ ನೀರಿನ ಮೇಲೆ ಹಳದಿ ಬೆಳಕು, ಹೂವಿನ ಪಾತಿ, ಬ್ಯಾಂಡು. ವಾಲ್ಟ್ ಡಿಸ್ನಿ ತಮ್ಮ ಪಾರ್ಕು ಕಟ್ಟುವ ಮುಂಚೆ 1951ರಲ್ಲಿ ಇಲ್ಲಿಗೆ ಬಂದು ಸುತ್ತಾಡಿ ಹೋಗಿದ್ದರು. ಇನ್ನೊಂದು ಮಾತು, ಇಲ್ಲಿ ಒಳಗೆ ಹೋಗಲು ಒಂದು ಟಿಕೆಟ್, ರೈಡಿಗೆ ಬೇರೆ. ನಮ್ಮಪ್ಪ ಅಮ್ಮ ಬಂದಾಗ ಪ್ರವೇಶದ ಟಿಕೆಟ್ ಮಾತ್ರ ತೆಗೆದುಕೊಂಡು ವಾರಕ್ಕೆರಡು ಸಂಜೆ ಹೋಗಿ ಕೂತು ಬರುತ್ತಿದ್ದರು, ಕೆರೆ ದಂಡೆಗೆ ಹೋದ ಹಾಗೆ.

ಹುಬ್ಬಳ್ಳಿ ಮಂದಿ:

ನಮಸ್ಕಾರ್ರಿ ಎಲ್ಲಾರಿಗೂ. ಕಥಿ ಕಾಡು ಅಂದ್ರಲ್ಲ ಅಕ್ಕಾರ, ಓದಿ ನನಗ ನಮ್ಮ ಕಡಿ ಗೊಟಗೋಡಿ ನೆನಪಾತು. ಹಾವೇರಿ ಜಿಲ್ಲಾ ಶಿಗ್ಗಾವಿ ತಾಲೂಕಿನಾಗ ಹೈವೇ ಬಾಜೂಕ ಉತ್ಸವ ರಾಕ್ ಗಾರ್ಡನ್ ಐತ್ರಿ. ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿ ಬೆಳೆಸಿದ್ದು. ನಮ್ಮ ಉತ್ತರ ಕರ್ನಾಟಕದ ಹಳ್ಳಿ ಜೀವನಾನ ಆಳೆತ್ತರದ ಮೂರ್ತಿ ಮಾಡಿ ನಿಲ್ಲಿಸ್ಯಾರ. ಹೊಲ, ಮನಿ, ದನಾ ಕರಾ, ಕಸಬುದಾರ ಮಂದಿ, ಎಲ್ಲಾ. ನಮ್ಮ ಮಾವಾರು ಅಲ್ಲಿ ಒಂದು ಎತ್ತಿನ ಮುಂದ ಕೈ ಮುಗದು ನಿಂತ್ರು, ಖರೇ ಎತ್ತು ಅಂತ ತಿಳದು ಅಲ್ರಿ, ಅವರ ಮನ್ಯಾಗ ಇದ್ದ ಎತ್ತಿನ ಹಂಗ ಅದರ ಹಣಿ ಇತ್ತಂತ.

ನಮ್ಮವ್ವ ಮೊಮ್ಮಕ್ಕಳನ್ನ ಕೈ ಹಿಡಕೊಂಡು ಒಂದೊಂದ ಮೂರ್ತಿ ಮುಂದ ನಿಲ್ಲಿಸಿ 'ಇದು ಹಿಂಗ, ಇದಕ್ಕ ಹಿಂಗ ಅಂತಿದ್ವಿ, ನಾನೂ ಇದನ್ನ ಮಾಡೀನಿ' ಅಂತ ಹೇಳಕೋತ ಹೋದಳು. ಬ್ಯಾರೆ ಪಾರ್ಕಿಗೆ ಹೋದ್ರ ಹುಡುಗೂರು ಮುಂದ, ಅಜ್ಜಿ ಹಿಂದ. ಇಲ್ಲಿ ಅಜ್ಜಿ ಮುಂದ, ಹುಡುಗೂರು ಹಿಂದ. ನನಗ ಅನ್ಸೂದು ಇಷ್ಟರೀ: ಹಿರಿಯಾರಿಗೆ ಗೊತ್ತಿದ್ದದ್ದು, ಹುಡುಗೂರಿಗೆ ಗೊತ್ತಿಲ್ಲದ್ದು ಪಾರ್ಕಿನಾಗ ಒಂದಾರ ಇರಬೇಕು. ಆವಾಗ ಅವರು ಬ್ಯಾಗ ಹಿಡಕೊಂಡು ಕೂಡೂದಿಲ್ಲ.

ನಿಮ್ಮತ್ತಿ ಡಚ್ ಕಥಿ ತಿಳಕೊಂಡಿದ್ದೂ ಅದಕ್ಕ ಅಲ್ರೀ? ಶಾಪ, ಮಾಟಗಾತಿ, ರಾತ್ರಿ ಬಿಡುಗಡಿ ಇವೆಲ್ಲಾ ಅವರು ಸಣ್ಣಾಕಿ ಇದ್ದಾಗಿಂದ ಕೇಳಿದ್ದು. ನಮ್ಮ ನಾಡಿನಾಗ ಕಾಗಕ್ಕ ಗುಬ್ಬಕ್ಕನ ಕಥಿಯಿಂದ ಹಿಡದು ಎಷ್ಟ ಕಥಿ ಅದಾವು, ಅವನ್ನ ಇಟಕೊಂಡು ಒಂದು ಕಾಡು ಮಾಡಾಕ ಯಾರರ ಮುಂದ ಬಂದ್ರ ನಾ ಮೊದಲ ಟಿಕೀಟ ತಗೋತೀನಿ.

ಮಂಗಳೂರು ಅಮ್ಮ:

ಯಾರೂ ಹೇಳದ ಒಂದು ವಿಷಯ ಹೇಳ್ತೇನೆ. ಶೌಚಾಲಯ.

ಹೆಣ್ಣುಮಕ್ಕಳು, ಪುಟ್ಟ ಮಕ್ಕಳ ತಾಯಂದಿರು, ಸಕ್ಕರೆ ಕಾಯಿಲೆ ಇರುವ ಹಿರಿಯರು ಒಂದು ಪಾರ್ಕಿಗೆ ಮತ್ತೆ ಹೋಗ್ತಾರೋ ಇಲ್ಲವೋ ಅಂತ ನಿರ್ಧಾರ ಆಗುವುದೇ ಅಲ್ಲಿ. ನಮ್ಮಮ್ಮ ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ, ಅಲ್ಲಿ ಹೇಗಿರುತ್ತದೋ ಏನೋ ಅಂತ. ಬಿಸಿಲಲ್ಲಿ ನೀರು ಕುಡಿಯದೆ ಸುತ್ತಿದರೆ ಮಧ್ಯಾಹ್ನಕ್ಕೆ ತಲೆಸುತ್ತು. ಆಮೇಲೆ 'ಪಾರ್ಕು ನನಗೆ ಆಗುವುದಿಲ್ಲ' ಅನ್ನುತ್ತಾರೆ.

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯುವ ಹೊತ್ತಿಗೆ ಪ್ಲಂಬರ್‌ಗಳ ಮುಷ್ಕರ ಆಗಿತ್ತು. ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಮುಗಿಸಲು ಸಮಯ ಇಲ್ಲ. ವಾಲ್ಟ್ ಡಿಸ್ನಿ ಶೌಚಾಲಯವನ್ನೇ ಆರಿಸಿದರು. ಆ ದಿನ ವಿಪರೀತ ಸೆಕೆ, ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೀಲ್ಸ್ ಹೂತುಹೋದವು, ನೀರು ಸಿಗಲಿಲ್ಲ ಅಂತ ಜನ ಬೈದರು. ಆದರೂ ಆ ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನೂ ಅದನ್ನೇ ಆರಿಸ್ತಿದ್ದೆ.

ನೀರಾಟದ ಪಾರ್ಕುಗಳಲ್ಲಿ ಬಟ್ಟೆ ಬದಲಿಸುವ ಕೋಣೆ ಇನ್ನೂ ದೊಡ್ಡ ವಿಷಯ. ಒದ್ದೆ ಬಟ್ಟೆ ಇಡಲು ಒಂದು ಕೊಕ್ಕೆ, ಒಣಗಿದ ನೆಲ, ಸರಿಯಾಗಿ ಬೀಳುವ ಚಿಲಕ. ಇಷ್ಟೇ ಬೇಕಾದದ್ದು. ಒಂದು ಕಡೆ ಎಂಟು ತಿಂಗಳ ಮಗುವಿಗೆ ಹಾಲು ಕೊಡಲು ಜಾಗ ಕೇಳಿದೆ. ಅಲ್ಲಿದ್ದ ಹುಡುಗಿ ಪಾಪ, ಟಿಕೆಟ್ ಕೌಂಟರಿನ ಹಿಂದೆ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟು, ನಾನು ಮುಗಿಸುವವರೆಗೆ ಬಾಗಿಲಿಗೆ ಅಡ್ಡ ನಿಂತಳು. ಆ ಪಾರ್ಕಿನ ಒಂದು ರೈಡೂ ಈಗ ನೆನಪಿಲ್ಲ, ಅವಳ ಮುಖ ನೆನಪಿದೆ.

ಹಳೇ ಆಪರೇಟರ್:

ಮೇಡಂ, ನಿಮ್ಮ ಕೊನೇ ಸಾಲು ಓದಿ ನಾನೂ ಬರೆಯಬೇಕು ಅನ್ನಿಸ್ತು. ಡಿಪ್ಲೊಮಾ ಮುಗಿದ ಮೇಲೆ ಎರಡು ವರ್ಷ ಒಂದು ಪಾರ್ಕಲ್ಲಿ ರೈಡ್ ಆಪರೇಟರ್ ಆಗಿದ್ದೆ.

ಬೆಳಿಗ್ಗೆ ಜನ ಬರೋಕೆ ಮುಂಚೆ ನಮ್ಮ ಕೆಲಸ ಶುರು. ಪ್ರತಿ ಸೀಟಿನ ಬಾರ್ ಎಳೆದು ನೋಡೋದು, ಬೋಲ್ಟು ನೋಡೋದು, ಖಾಲಿ ಸುತ್ತು ಹೊಡೆಸೋದು, ರಿಜಿಸ್ಟರಲ್ಲಿ ಬರೆದು ಸಹಿ ಮಾಡೋದು. ಇದು ಯಾರಿಗೂ ಕಾಣಲ್ಲ. ಕಾಣೋದು ಆಮೇಲಿನ ಎಂಟು ಗಂಟೆ. ಒಂದೇ ಜಾಗ, ಒಂದೇ ಬಟನ್ನು, ಒಂದೇ ಮಾತು: 'ಕೈ ಒಳಗಿಡಿ, ತಲೆ ಹಿಂದಕ್ಕೆ ಒರಗಿಸಿ.' ಸಾಯಂಕಾಲದ ಹೊತ್ತಿಗೆ ನಮ್ಮ ಬಾಯಿಂದ ಬರೋ ಮಾತಿಗೆ ಜೀವ ಇರೋದಿಲ್ಲ. ಆದ್ರೆ ಸಾಲಿನ ಕೊನೇಲಿ ಇರೋ ಮಗುಗೆ ಅದು ಜೀವನದ ಮೊದಲನೇ ಸುತ್ತು.

ನಮ್ಮ ಸೂಪರ್‌ವೈಸರ್ ಒಬ್ಬರಿದ್ರು, ಹಿರಿಯರು. ಎರಡು ಗಂಟೆಗೊಂದು ಸಲ ನಮ್ಮನ್ನ ಜಾಗ ಬದಲಾಯಿಸ್ತಿದ್ರು. ಬಿಸಿಲಲ್ಲಿ ನಿಂತವನಿಗೆ ಮುಂದಿನ ಎರಡು ಗಂಟೆ ನೆರಳು. ಕೂತ್ಕೊಂಡು ಮಜ್ಜಿಗೆ ಕುಡಿಯೋಕೆ ಹತ್ತು ನಿಮಿಷ. ಅವರಿದ್ದಷ್ಟು ದಿನ ನಾವೆಲ್ಲ ಮನಸಾರೆ ಮಕ್ಕಳ ಜೊತೆ ಮಾತಾಡ್ತಿದ್ವಿ. ಹೊರಗಿಂದ ನೋಡೋರು 'ಇಲ್ಲಿನ ಹುಡುಗರು ಎಷ್ಟು ಒಳ್ಳೆಯವರು' ಅಂದ್ಕೋತಾರೆ. ಅದರ ಹಿಂದೆ ಇರೋದು ಆ ಮಜ್ಜಿಗೆ.

ಎತ್ತರ ಸಾಲದ ಮಗುನ ವಾಪಸ್ ಕಳಿಸೋದು ಅತ್ಯಂತ ಕಷ್ಟದ ಕೆಲಸ. ಅಳತೆಕೋಲು ಹತ್ತೋ ಜಾಗದಲ್ಲಿ ಇಟ್ರೆ ಮಗು ಒಂದು ಗಂಟೆ ನಿಂತು ಆಮೇಲೆ ಅಳ್ತಾ ಹೋಗುತ್ತೆ. ಸಾಲಿನ ಶುರುವಲ್ಲೇ ಇಡಬೇಕು. ನಾವು ಕೇಳಿ ಕೇಳಿ ಹಾಗೆ ಮಾಡಿಸಿದ್ವಿ. ಟೋಕಿಯೊ ಡಿಸ್ನಿಲ್ಯಾಂಡಲ್ಲಿ ನೆಲ ಗುಡಿಸೋರು ಪೊರಕೆ ನೀರಲ್ಲಿ ಅದ್ದಿ ನೆಲದ ಮೇಲೆ ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸ್ತಾರೆ. ಬಿಸಿಲಿಗೆ ಐದು ನಿಮಿಷದಲ್ಲಿ ಆರಿ ಹೋಗುತ್ತೆ. ಗುಡಿಸೋರಿಗೆ ಅಷ್ಟು ಬಿಡುವು, ಅಷ್ಟು ಮರ್ಯಾದೆ ಕೊಟ್ಟಿದ್ದಾರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತೆ.

ಪೆನ್ಸಿಲ್ವೇನಿಯಾದ ಮೈಸೂರಿಗ:

ಟಿಕೆಟ್ ವಿಷಯ ಇಬ್ಬರು ಎತ್ತಿದ್ದೀರಿ, ಅದನ್ನು ಸ್ವಲ್ಪ ಮುಂದುವರಿಸುತ್ತೇನೆ.

ನಾನಿರುವ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಎಲಿಸ್‌ಬರ್ಗ್ ಹತ್ತಿರ ಕನೋಬಲ್ಸ್ ಅಂತ ಪಾರ್ಕಿದೆ, 1926ರಿಂದ ನಡೆಯುತ್ತಿದೆ. ಪ್ರವೇಶ ಉಚಿತ, ವಾಹನ ನಿಲ್ಲಿಸುವುದೂ ಉಚಿತ. ಯಾವ ರೈಡು ಹತ್ತುತ್ತೀರೋ ಅದಕ್ಕೆ ಮಾತ್ರ ದುಡ್ಡು. ಮನೆಯಿಂದ ಬುತ್ತಿ ತಂದು ಮರದ ಕೆಳಗೆ ಕೂತು ಉಣ್ಣಬಹುದು. ಮೊದಲ ಸಲ ಹೋದಾಗ ನನಗೆ ಅನ್ನಿಸಿದ್ದು, ಇದು ನಮ್ಮ ದಸರಾ ವಸ್ತುಪ್ರದರ್ಶನದ ಹಾಗೇ ಇದೆಯಲ್ಲ ಅಂತ. ದೊಡ್ಡಕೆರೆ ಮೈದಾನದಲ್ಲಿ ಗೇಟಿನ ಹತ್ತಿರ ಚಿಕ್ಕ ಟಿಕೆಟ್, ಒಳಗೆ ಜಾಯಿಂಟ್ ವೀಲ್ ಬೇಕಾದವರು ಹತ್ತುತ್ತಾರೆ, ಬೇಡದವರು ಮಳಿಗೆ ನೋಡುತ್ತಾರೆ. ನಮ್ಮಜ್ಜಿ ಒಂದೇ ಒಂದು ಸಲವೂ ಏನನ್ನೂ ಹತ್ತಿದವರಲ್ಲ. ಒಂದು ದೆಹಲಿ ಹಪ್ಪಳ, ಎರಡು ಮೆಣಸಿನಕಾಯಿ ಬಜ್ಜಿ, ಗಾಜಿನ ಬಳೆ. ಅದಕ್ಕೇ ವರ್ಷವಿಡೀ ಕಾಯುತ್ತಿದ್ದರು.

ಎಲ್ಲರಿಗೂ ಒಂದೇ ದರ ಅಂತಾದಾಗ ಹತ್ತದವರ ದುಡ್ಡು ದಂಡ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಹತ್ತುವವರೂ ಊಟ ಬಿಟ್ಟು, ಕೂರುವುದು ಬಿಟ್ಟು ಸಾಲಿನಿಂದ ಸಾಲಿಗೆ ಓಡುತ್ತಾರೆ. ಹತ್ತಿದ್ದಕ್ಕೆ ಮಾತ್ರ ದುಡ್ಡು ಅಂದರೆ ನಡಿಗೆ ತಾನಾಗೇ ನಿಧಾನ ಆಗುತ್ತದೆ. ಬಿಡದಿಯಂಥ ದೊಡ್ಡ ಪಾರ್ಕಿಗೆ ಇದು ಪೂರ್ತಿ ಒಗ್ಗದೆ ಇರಬಹುದು, ರೈಡಿನ ಖರ್ಚು ಹೇಗಾದರೂ ಹುಟ್ಟಬೇಕು. ಆದರೆ ಜೊತೆಗೆ ಬರುವ ಅಜ್ಜ ಅಜ್ಜಿಗೆ 'ನೋಡುವವರ ಟಿಕೆಟ್' ಅಂತ ಒಂದು ಮಾಡುವುದು ಸಾಧ್ಯವಿಲ್ಲದ ಮಾತೇನಲ್ಲ. ಕೂತು ನೋಡುವವರು ಯಂತ್ರ ಸವೆಸುವುದಿಲ್ಲ, ತಿಂಡಿಯನ್ನಂತೂ ಕೊಳ್ಳುತ್ತಾರೆ.

ಮಗಳ ಜೊತೆ:

ನನ್ನ ಮಗಳಿಗೆ ಆಟಿಸಂ. ಅವಳಿಗೆ ತೊಟ್ಟಿಲಂತೆ ತೂಗುವ ರೈಡು ಬಹಳ ಇಷ್ಟ, ಆದರೆ ಸದ್ದು ಆಗುವುದಿಲ್ಲ. ನಮ್ಮಲ್ಲಿ ಪ್ರತಿ ರೈಡಿಗೂ ಒಂದು ಸ್ಪೀಕರು, ಪ್ರತಿ ಅಂಗಡಿಗೂ ಒಂದು, ಎಲ್ಲದರಲ್ಲೂ ಬೇರೆ ಬೇರೆ ಹಾಡು. ಹೋದ ಅರ್ಧ ಗಂಟೆಗೆ ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಡುತ್ತಾಳೆ.

ಸದ್ದಿಲ್ಲದ ಒಂದು ಕೋಣೆ, ಅಥವಾ ಮರಗಳಿರುವ ಒಂದು ಮೂಲೆ ಇದ್ದರೆ ಅಲ್ಲಿ ಹತ್ತು ನಿಮಿಷ ಕೂತು ಮತ್ತೆ ಹೊರಡುತ್ತೇವೆ. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲಿನಲ್ಲಿ ಅವಳು ಒಂದೇ ದಿನ ನಾಲ್ಕು ಸುತ್ತು ಹೋಗಿದ್ದಳು. ಮರಗಳ ನಡುವೆ ನಿಧಾನಕ್ಕೆ ಹೋಗುತ್ತದೆ, ಅಷ್ಟೇ. ಇಳಿದಾಗ ನನ್ನ ಕೈ ಹಿಡಿದು 'ಮತ್ತೆ' ಅಂದಳು. ಅವಳು ತಾನಾಗಿ ಕೇಳುವುದು ಕಡಿಮೆ.

ಕೊನೇ ಸೆಮ್:

ಎಲ್ಲರದ್ದೂ ಓದಿದೆ. ಆಪರೇಟರ್ ಅಣ್ಣ ಬರೆದದ್ದು ಎರಡು ಸಲ ಓದಿದೆ.

ರೈಡು ಬೇಕು ಅನ್ನೋ ಮಾತು ನಾನು ಬಿಡಲ್ಲ. ಆದ್ರೆ ನಾಲ್ಕು ಸಲದಲ್ಲಿ ಯಾವ ದಿನ ಚೆನ್ನಾಗಿತ್ತು ಅಂತ ಯೋಚನೆ ಮಾಡಿದ್ರೆ, ಅದು ಮೂರನೇ ಸಲ. ಆವತ್ತು ಮಳೆ ಬಂದು ದೊಡ್ಡ ರೈಡುಗಳೆಲ್ಲ ಸ್ವಲ್ಪ ಹೊತ್ತು ನಿಂತಿದ್ವು. ನಾವು ಆರು ಜನ ಒಂದು ಚಾವಣಿ ಕೆಳಗೆ ಬಿಸಿ ಬಿಸಿ ಜೋಳ ತಿಂದ್ಕೊಂಡು ಕೂತಿದ್ವಿ. ಮಳೆ ನಿಂತ್ಮೇಲೆ ಅಲೆಯ ಕೊಳಕ್ಕೆ ಹೋದ್ವಿ. ಅಲೆ ಶುರುವಾಗೋ ಹೊತ್ತಿಗೆ ಎಲ್ಲ ಕಡೆಯಿಂದ ಜನ ಓಡಿ ಬರ್ತಾರೆ ನೋಡಿ, ಪರಿಚಯವೇ ಇಲ್ಲದವರೆಲ್ಲ ಒಟ್ಟಿಗೆ ಕೂಗ್ತಾರೆ. ಸೀರೆ ಉಟ್ಟ ಒಬ್ಬ ಅಜ್ಜಿ ದಡದಲ್ಲಿ ನಿಂತು ನಮಗೆ ಚಪ್ಪಾಳೆ ಹೊಡೀತಿದ್ರು. ಅವರು ಎಲ್ಲಿ ಕೂತಿದ್ರು, ಅವರಿಗೆ ಕೂರೋಕೆ ಜಾಗ ಇತ್ತಾ ಅಂತ ನಾನು ಆಗ ನೋಡಿರಲಿಲ್ಲ. ಮುಂದಿ‌ನ ಸಲ ನೋಡ್ತೀನಿ.

ಕ್ಯೂ ಲೆಕ್ಕದವನು:

ಕೊನೇ ಸೆಮ್, ಮಳೆಯ ಮಾತು ಎತ್ತಿದ್ದು ಒಳ್ಳೆಯದಾಯಿತು. ನಮ್ಮ ಹವೆಗೆ ಚಾವಣಿಯಿರುವ ಸಾಲು, ಚಾವಣಿಯಿರುವ ನಡುದಾರಿ ಎಷ್ಟಿದೆ ಎಂಬುದೇ ಅರ್ಧ ಪಾರ್ಕು. ಮೇ ತಿಂಗಳಿಗೂ ಬೇಕು, ಜುಲೈಗೂ ಬೇಕು.

ಐಂಡ್‌ಹೋವನ್ ಸೊಸೆ:

ಇಷ್ಟೊಂದು ಜನ ಮನಸ್ಸು ಬಿಚ್ಚಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಊಟ ಆದ ಮೇಲೆ ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಸಿಮೆಂಟು ಕಟ್ಟೆ ಮೇಲೆ ಕೂತ ಅಮ್ಮನ ಕಥೆಗೆ ತುಂಬ ಹೊತ್ತು ಸುಮ್ಮನಿದ್ದರು. ಹುಬ್ಬಳ್ಳಿಯವರ ಮಾತಿಗೆ 'ನೋಡು, ಸರಿಯಾಗಿ ಹೇಳಿದಾರೆ' ಅಂದರು. ಊರಿಗೆ ವಾಪಸಾದ ಮೇಲೆ ಗೊಟಗೋಡಿಗೆ ಹೋಗಬೇಕಂತೆ, ಹಾಸನದಿಂದ ದಾರಿ ಹೇಗೆ ಅಂತ ಕೇಳುತ್ತಿದ್ದಾರೆ. ಗೊತ್ತಿದ್ದವರು ತಿಳಿಸಿ.

ಕಾಗದ ತಿನ್ನುವ ಗೊಂಬೆ ಏನು ಅಂತ ಒಬ್ಬರು ಒಳಗಡೆ ಮೆಸೇಜ್ ಮಾಡಿ ಕೇಳಿದ್ದರು. ಹೊಲ್ಲೆ ಬೊಲ್ಲೆ ಖೈಸ್ ಅಂತ ಅದರ ಹೆಸರು, 1959ರಿಂದ ಇದೆ. ಬಾಯಿ ಅಗಲಿಸಿಕೊಂಡು ಕೂತಿರುವ ದಪ್ಪ ಮನುಷ್ಯ, 'ಪಾಪೀರ್ ಹೀರ್' ಅಂತ, ಅಂದರೆ ಕಾಗದ ಇಲ್ಲಿ ಹಾಕಿ ಅಂತ ಕೂಗುತ್ತಿರುತ್ತಾನೆ. ಬಾಯಿ ಹತ್ತಿರ ಕಾಗದ ಹಿಡಿದರೆ ಸುಯ್ ಅಂತ ಒಳಗೆ ಎಳೆದುಕೊಂಡು ಥ್ಯಾಂಕ್ಸ್ ಹೇಳುತ್ತಾನೆ. ಅಷ್ಟೇ, ಕಸದ ಡಬ್ಬಿ. ಅವನಿಗೆ ತಿನ್ನಿಸಲು ಮಕ್ಕಳು ನೆಲದ ಮೇಲೆ ಬಿದ್ದ ಕಾಗದ ಹುಡುಕಿಕೊಂಡು ಓಡಾಡುತ್ತಾರೆ. ಅತ್ತೆ ತಮ್ಮ ಬ್ಯಾಗಿನಲ್ಲಿದ್ದ ಬಸ್ ಟಿಕೆಟ್ಟು, ಔಷಧಿ ಅಂಗಡಿ ಚೀಟಿ, ಎಲ್ಲವನ್ನೂ ತಿನ್ನಿಸಿ ಬಂದರು.

ಕೊನೆಯದಾಗಿ ಒಂದು ಸಹಾಯ. ಆ ಕತ್ತೆಯ ಹತ್ತಿರ ದುಡ್ಡು ಹಾಕಿದರೆ ಅದು ಬಾಲದ ಕೆಳಗಿಂದ ಹೊಳೆಯುವ ಒಂದು ನಾಣ್ಯ ಹಾಕುತ್ತದೆ. ಅತ್ತೆ ಒಂದೇ ತಂದಿದ್ದರು, ನನ್ನ ಮಗನಿಗೂ ಕೊಡದೆ ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಈಗ ಅರಸೀಕೆರೆ ಚಿಕ್ಕಮ್ಮ ಫೋನಿನಲ್ಲಿ ಕಥೆ ಕೇಳಿ ತಮಗೂ ಒಂದು ಬೇಕು ಅಂದಿದ್ದಾರೆ. ಅತ್ತೆ ಹೊರಡುವುದಕ್ಕೆ ಇನ್ನು ಹನ್ನೆರಡು ದಿನ, ನಮಗೆ ಮತ್ತೆ ಹೋಗಲು ರಜೆ ಇಲ್ಲ. ಈ ವಾರಾಂತ್ಯ ಎಫ್ಟೆಲಿಂಗ್‌ಗೆ ಹೋಗುವವರು ಯಾರಾದರೂ ಇದ್ದರೆ ಒಂದು ನಾಣ್ಯ ತಂದುಕೊಡುತ್ತೀರಾ? ಕತ್ತೆ ಇರುವುದು ಕಥೆಗಳ ಕಾಡಿನ ಒಳಗೇ.